ನಿಲ್ಲಿಸಿ ಬಿಪಿ ನೋಡಿದ್ರಾ?

ಓದುಗರ ಪ್ರಶ್ನೆ, ಡಾಕ್ಟರ್ ಉತ್ತರ

ಈ ಸಲ ಬಂದಿರೋ ಪತ್ರಗಳಲ್ಲಿ ಜಾಸ್ತಿ ಶುಗರ್ ಇರೋರ ಆಪರೇಷನ್ ಬಗ್ಗೇನೇ ಇವೆ. ಅದರಲ್ಲೂ ಶ್ರೀನಿವಾಸಪುರದ ಒಂದು ಪತ್ರ ಓದಿದ್ಮೇಲೆ ಎರಡು ದಿನ ಅದೇ ತಲೇಲಿತ್ತು, ಅದಕ್ಕೆ ಈ ತಿಂಗಳು ಮಿಕ್ಕ ವಿಷಯಗಳನ್ನ ಪಕ್ಕಕ್ಕಿಟ್ಟು ಇದೊಂದರ ಪ್ರಶ್ನೆಗಳನ್ನೇ ತಗೊಂಡಿದೀನಿ. ಹೊಸ ಓದುಗರಿಗೆ ಒಂದು ಮಾತು, ನಾನು ಕೋಲಾರದಲ್ಲಿ ಅನಸ್ತೇಷಿಯಾ ಕೊಡೋ ಡಾಕ್ಟರ್, ಕೊಯ್ಯೋಳಲ್ಲ, ಆಪರೇಷನ್ ನಡೆಯೋ ಅಷ್ಟೂ ಹೊತ್ತು ಪೇಷೆಂಟ್ ತಲೆ ಹತ್ರ ಕೂತು ಉಸಿರು, ಬಿಪಿ, ನಾಡಿ ನೋಡ್ಕೊಳ್ಳೋಳು.

ಪ್ರಶ್ನೆ: ಮೇಡಂ ನಮಸ್ಕಾರ. ನಮ್ಮಪ್ಪಂಗೆ 64 ವರ್ಷ, ಶುಗರ್ ಬಂದು 17 ವರ್ಷ ಆಯ್ತು. ಮಾವಿನ ತೋಟ ಇದೆ, ಈಗ್ಲೂ ದಿನಾ ತೋಟಕ್ಕೆ ಹೋಗ್ತಾರೆ, ಗಟ್ಟಿಮುಟ್ಟಾಗೇ ಇದಾರೆ. ಪಿತ್ತಕೋಶದಲ್ಲಿ ಕಲ್ಲಿದೆ, ಲ್ಯಾಪ್ರೋಸ್ಕೋಪಿ (ಹೊಟ್ಟೇಲಿ ಸಣ್ಣ ತೂತು ಮಾಡಿ ಮಾಡೋ ಆಪರೇಷನ್) ಮಾಡ್ಬೇಕು ಅಂತ ಡೇಟ್ ಕೊಟ್ಟಿದ್ರು. ಇಸಿಜಿ, ಎಕೋ (ಹೃದಯದ ಸ್ಕ್ಯಾನ್) ಎಲ್ಲಾ ನಾರ್ಮಲ್ ಬಂತು. ಆದ್ರೆ ಹಿಂದಿನ ದಿನ ಅನಸ್ತೇಷಿಯಾ ಡಾಕ್ಟ್ರು ಬಂದು ಮಲಗಿಸಿ ಒಂದ್ಸಲ, ನಿಲ್ಲಿಸಿ ಒಂದ್ಸಲ ಬಿಪಿ ನೋಡಿದ್ರು, ಜೋರಾಗಿ ಉಸಿರು ಎಳೆದು ಬಿಡಿ ಅಂದ್ರು, ಆಮೇಲೆ ಶುಗರಿಂದ ಒಳಗಿನ ನರ ವೀಕ್ ಆಗಿದೆ ಎರಡು ವಾರ ತಡೀರಿ ಅಂತ ಮುಂದಕ್ಕೆ ಹಾಕಿದ್ರು. ಹೊಟ್ಟೆ ಆಪರೇಷನ್‌ಗೂ ನರಕ್ಕೂ ಏನು ಸಂಬಂಧ? ದುಡ್ಡು ಮಾಡೋಕೆ ಹಿಂಗೆಲ್ಲ ಮಾಡ್ತಾರೆ ಅಂತ ಊರಲ್ಲಿ ಹೇಳ್ತಿದಾರೆ. ಬೇರೆ ಆಸ್ಪತ್ರೆಗೆ ಕರ್ಕೊಂಡು ಹೋಗೋದಾ?

ಉತ್ತರ: ಬೇರೆ ಕಡೆ ಹೋಗ್ಬೇಡಿ. ನಿಮ್ಮಪ್ಪನ್ನ ನಿಲ್ಲಿಸಿ ಬಿಪಿ ನೋಡಿದ ಡಾಕ್ಟ್ರು ಸಿಕ್ಕಿದಾರಲ್ಲ, ಅವ್ರನ್ನ ಬಿಡ್ಬೇಡಿ, ಅದೊಂದು ಐದು ನಿಮಿಷದ ಕೆಲಸ ಮಾಡದೇ ಇರೋ ಕಡೆ ಎಷ್ಟೋ ಇವೆ.

ನಿಮ್ಮ ಕಡೆ ಬೋರ್‌ವೆಲ್ ಇಲ್ದೇ ಇರೋ ತೋಟ ಇಲ್ಲ, ಮೋಟ್ರಿಗೆ ಆಟೋ ಸ್ಟಾರ್ಟರ್ ಹಾಕಿರ್ತೀರಿ, ಕರೆಂಟ್ ರಾತ್ರಿ ಎರಡು ಗಂಟೆಗೆ ಬಂದ್ರೂ ಯಾರೂ ಎದ್ದು ಹೋಗೋ ಹಂಗಿಲ್ಲ, ಮೋಟ್ರು ತಾನೇ ಶುರು ಆಗತ್ತೆ. ನಮ್ಮ ಮೈಯಲ್ಲೂ ಹಂಗೆ ತಾವಾಗೇ ಕೆಲಸ ಮಾಡೋ ನರಗಳಿವೆ, ಅಟಾನಮಿಕ್ ನರಗಳು ಅಂತಾರೆ. ಹೃದಯ ಎಷ್ಟು ಬಡೀಬೇಕು, ರಕ್ತನಾಳ ಯಾವಾಗ ಬಿಗಿ ಆಗ್ಬೇಕು, ಹೊಟ್ಟೇಲಿರೋ ಅನ್ನ ಯಾವಾಗ ಕೆಳಗಿಳೀಬೇಕು, ಬೆವರು, ಮೂತ್ರ ಎಲ್ಲಾ ಅವೇ ನೋಡ್ಕೊಳ್ಳೋದು, ನಮ್ಮನ್ನ ಕೇಳಲ್ಲ. ವರ್ಷಗಟ್ಟಲೆ ಶುಗರ್ ಜಾಸ್ತಿ ಇದ್ರೆ ಕಾಲಿನ ನರ ಜೋಮು ಹಿಡಿಯೋ ಥರಾನೇ ಈ ನರಗಳೂ ಹಾಳಾಗ್ತಾ ಹೋಗ್ತವೆ. ಉದ್ದ ಇರೋ ನರಕ್ಕೆ ಮೊದಲು ಏಟು ಬೀಳೋದು. ತಲೆಯಿಂದ ಹೃದಯ ದಾಟಿ ಹೊಟ್ಟೆ ತನಕ ಇಳಿಯೋ ವೇಗಸ್ ಅನ್ನೋ ನರ ಇವುಗಳಲ್ಲೆಲ್ಲ ಉದ್ದ, ಅದಕ್ಕೇ ಅದು ಬೇಗ ಸೋಲತ್ತೆ. ಕಾಲು ಉರಿ ಅಂದ್ರೆ ಜನ ಡಾಕ್ಟ್ರ ಹತ್ರ ಬರ್ತಾರೆ, ಇದು ಉರಿಯಲ್ಲ ನೋಯಲ್ಲ, ಅದಕ್ಕೇ ಯಾರಿಗೂ ಗೊತ್ತಾಗಲ್ಲ.

ಈಗ ನಿಮ್ಮಪ್ಪ ಮಲಗಿದ್ದೋರು ಎದ್ದು ನಿಂತ್ರು ಅನ್ಕೊಳ್ಳಿ, ಅರ್ಧ ಲೀಟರಿಗೂ ಜಾಸ್ತಿ ರಕ್ತ ಕಾಲಿಗೂ ಹೊಟ್ಟೆಗೂ ಇಳಿದುಬಿಡತ್ತೆ. ಆರೋಗ್ಯವಾಗಿರೋ ನರ ಆ ಕ್ಷಣದಲ್ಲೇ ರಕ್ತನಾಳ ಬಿಗಿ ಮಾಡಿ ಹೃದಯಕ್ಕೆ ಜೋರಾಗಿ ಬಡಿ ಅನ್ನತ್ತೆ, ನಮಗೆ ಏನೂ ಆಗಿಲ್ಲ ಅನ್ನಿಸತ್ತೆ. ನರ ಸೋತಿದ್ರೆ ಬಿಪಿ ಇಳಿಯತ್ತೆ, ಕಣ್ಣು ಕತ್ತಲೆ ಬರತ್ತೆ. ಐದು ನಿಮಿಷ ಮಲಗಿಸಿ ನೋಡಿದ ಬಿಪಿಗಿಂತ, ನಿಂತ ಮೂರು ನಿಮಿಷದೊಳಗೆ ಮೇಲಿನ ನಂಬರ್ 20 ಅಥವಾ ಕೆಳಗಿನ ನಂಬರ್ 10 ಇಳಿದ್ರೆ ಅದು ಸರಿ ಇಲ್ಲ ಅಂತ ಲೆಕ್ಕ, ಅದರ ಜೊತೆ ನಾಡಿ ಏರಬೇಕಾದಷ್ಟು ಏರ್ಲಿಲ್ಲ ಅಂದ್ರೆ ನರದ್ದೇ ತೊಂದ್ರೆ ಅನ್ನೋ ಅನುಮಾನ ಗಟ್ಟಿ ಆಗತ್ತೆ. ಉಸಿರು ಎಳೆಸಿದ್ದೂ ಸುಮ್ನೆ ಅಲ್ಲ. ಐದು ಸೆಕೆಂಡ್ ಒಳಗೆ, ಐದು ಸೆಕೆಂಡ್ ಹೊರಗೆ, ಹಿಂಗೆ ನಿಮಿಷಕ್ಕೆ ಆರು ಉಸಿರು. ಉಸಿರು ಎಳೆದಾಗ ನಾಡಿ ಏರಬೇಕು, ಬಿಟ್ಟಾಗ ಇಳೀಬೇಕು. ಆ ವ್ಯತ್ಯಾಸ 15ಕ್ಕಿಂತ ಜಾಸ್ತಿ ಇದ್ರೆ ಒಳ್ಳೇದು, 10ಕ್ಕಿಂತ ಕಮ್ಮಿ ಆದ್ರೆ ನರ ಸೋತಿದೆ ಅಂತ, ವಯಸ್ಸಾದ ಹಂಗೆ ಸ್ವಲ್ಪ ಕಮ್ಮಿ ಆಗೋದು ಸಹಜ ಅನ್ನೋದನ್ನೂ ಲೆಕ್ಕಕ್ಕೆ ತಗೋತೀವಿ. ಇದಕ್ಕೆ ದೊಡ್ಡ ಮೆಷಿನ್ ಬೇಡ, ಒಂದು ಇಸಿಜಿ ಸಾಕು. ಸ್ಕಾಟ್ಲೆಂಡಿನ ಎಡಿನ್‌ಬರೊದ ಯೂಯಿಂಗ್ ಮತ್ತು ಕ್ಲಾರ್ಕ್ ಅನ್ನೋ ಡಾಕ್ಟ್ರು ಇಂಥ ಐದು ಪರೀಕ್ಷೆಗಳನ್ನ ಒಟ್ಟು ಮಾಡಿ 1982ರಲ್ಲೇ ಬರೆದಿಟ್ಟಿದಾರೆ, ಇವತ್ತಿಗೂ ಅವನ್ನೇ ಬಳಸೋದು. ಅದರಲ್ಲಿ ಒಂದು ಜೋರಾಗಿ ಊದೋದು, ಕಣ್ಣಿನ ಹಿಂದೆ ಶುಗರಿಂದ ರಕ್ತನಾಳ ಹಾಳಾಗಿರೋರು ಅದನ್ನ ಮಾಡ್ಬಾರ್ದು, ರಕ್ತಸ್ರಾವ ಆಗೋ ಭಯ ಇದೆ, ಆದ್ರಿಂದ ಕಣ್ಣಿಗೆ ಲೇಸರ್ ಆಗಿದ್ರೆ ಮೊದಲೇ ಹೇಳಿ.

ಆಪರೇಷನ್‌ಗೂ ಇದಕ್ಕೂ ಏನು ಸಂಬಂಧ ಅಂದ್ರಲ್ಲ, ಪಿತ್ತಕೋಶದ ಆಪರೇಷನ್ನೇ ಇದಕ್ಕೆ ಸರಿಯಾದ ಉದಾಹರಣೆ. ಮೊದಲು ನಿದ್ದೆ ಬರೋಕೆ ಕೊಡೋ ಔಷಧಿ ರಕ್ತನಾಳ ಸಡಿಲ ಮಾಡತ್ತೆ, ಬಿಪಿ ಇಳಿಯತ್ತೆ. ಆಮೇಲೆ ಹೊಟ್ಟೆಯೊಳಗೆ ಗ್ಯಾಸ್ ತುಂಬ್ತಾರೆ, ಕೆಳಗಿಂದ ಹೃದಯಕ್ಕೆ ವಾಪಸ್ ಬರೋ ರಕ್ತಕ್ಕೆ ತಡೆ ಆಗತ್ತೆ. ಅದರ ಮೇಲೆ ಟೇಬಲ್ಲನ್ನ ತಲೆ ಮೇಲೆ ಕಾಲು ಕೆಳಗೆ ಓರೆ ಮಾಡ್ತಾರೆ, ಅಂದ್ರೆ ನಿಮ್ಮಪ್ಪ ಮತ್ತಲ್ಲಿರುವಾಗ್ಲೇ ಅರ್ಧ ನಿಂತ ಹಂಗೆ. ಮೂರೂ ಸೇರಿದಾಗ ಬಿಪಿ ಹಿಡಿದಿಡೋ ಕೆಲಸ ಆ ನರದ್ದೇ, ಅದೇ ಇಲ್ಲ ಅಂದ್ರೆ? ನಾವು ರೆಡಿ ಇದ್ರೆ ಔಷಧಿ ಕೊಟ್ಟು ಹಿಡೀತೀವಿ. ರೆಡಿ ಇಲ್ದೇ ಇದ್ರೆ ಕಷ್ಟ.

ಇದನ್ನ ನಾನು ಪುಸ್ತಕ ಓದಿ ಹೇಳ್ತಿಲ್ಲ. ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಒಬ್ರು ಹಿರಿಯರು ಹರ್ನಿಯಾ ಆಪರೇಷನ್‌ಗೆ ಬಂದಿದ್ರು, ಹದಿನೈದು ವರ್ಷದ ಶುಗರ್. ಹಿಂದಿನ ದಿನ ಮಾತಾಡ್ಸುವಾಗ "ಬೆಳಿಗ್ಗೆ ಎದ್ದಾಗ ಗೋಡೆ ಹಿಡ್ಕೊಂಡು ಒಂದ್ ನಿಮಿಷ ನಿಲ್ಬೇಕಮ್ಮ" ಅಂದಿದ್ರು, ನಾನು ವಯಸ್ಸಾಯ್ತಲ್ಲ ತಾತ ಅಂದು ಮುಂದಿನ ಪ್ರಶ್ನೆಗೆ ಹೋಗ್ಬಿಟ್ಟೆ. ಮಾರನೇ ದಿನ ಇಂಜೆಕ್ಷನ್ ಕೊಟ್ಟ ಎರಡೇ ನಿಮಿಷಕ್ಕೆ ಬಿಪಿ 60ಕ್ಕೆ ಬಂತು, ನಾಡಿ ಮಾತ್ರ ಇದ್ದಲ್ಲೇ ಇತ್ತು, ಒಂದು ಬಡಿತ ಕೂಡ ಏರ್ಲಿಲ್ಲ. ಮೇಲಿಂದ ಮೇಲೆ ಔಷಧಿ ಕೊಟ್ಟು, ಸೀನಿಯರ್ ಓಡಿ ಬಂದು, ಸರಿಹೋಗೋ ಹೊತ್ತಿಗೆ ಇಪ್ಪತ್ತು ನಿಮಿಷ ಆಗಿತ್ತು. ಅವರು ಉಳಿದ್ರು, ನಾಲ್ಕನೇ ದಿನ ನಡ್ಕೊಂಡೇ ಮನೆಗೆ ಹೋದ್ರು. ಅವರು ನನಗೆ ಹೇಳಿದ್ರು, ನಾನು ಕೇಳಿಸ್ಕೊಳ್ಳಲಿಲ್ಲ, ತಪ್ಪು ನಂದೇ. ಅವತ್ತಿಂದ ಶುಗರ್ ಇರೋ ಯಾರನ್ನೂ ನಿಲ್ಲಿಸಿ ಬಿಪಿ ನೋಡ್ದೆ ನಾನು ಒಳಗೆ ಕರ್ಕೊಳ್ಳಲ್ಲ.

ಎರಡು ವಾರದಲ್ಲಿ ನರ ಸರಿ ಹೋಗಲ್ಲ, ಅದು ನಿಜ. ಆ ಎರಡು ವಾರ ಬೇರೆ ಕೆಲಸಗಳಿಗೆ. ನಿಂತಾಗ ಬಿಪಿ ಇಳಿಸೋ ಮಾತ್ರೆ ಏನಾದ್ರೂ ನಡೀತಿದ್ಯಾ ನೋಡ್ಬೇಕು, ಪ್ರಾಸ್ಟೇಟ್‌ಗೆ ಕೊಡೋ ಟ್ಯಾಮ್ಸುಲೋಸಿನ್, ನೀರಿನ ಮಾತ್ರೆ ಇಂಥವು (ಬಿಪಿ ಮಾತ್ರೆನ ನೀವಾಗೇ ನಿಲ್ಲಿಸ್ಬೇಡಿ, ಇಂಥೋರಿಗೆ ಮಲಗಿದಾಗ ಬಿಪಿ ಜಾಸ್ತಿ ಇರೋದೂ ಉಂಟು). ರಕ್ತ ಕಮ್ಮಿ ಇದ್ಯಾ, ಕಿಡ್ನಿ ಹೇಗಿದೆ ನೋಡ್ಬೇಕು. ಹೃದಯ ಇನ್ನೊಂದ್ಸಲ ನೋಡ್ಬೇಕು, ಯಾಕಂದ್ರೆ ಈ ನರ ಸತ್ತೋರಿಗೆ ಹಾರ್ಟ್ ಅಟ್ಯಾಕ್ ಆದ್ರೂ ಎದೆ ನೋವೇ ಬರದೆ ಇರಬಹುದು, ಸುಮ್ನೆ ಸುಸ್ತು, ಏದುಸಿರು, ವಾಂತಿ ಬಂದು ಹೋಗಿರತ್ತೆ, ಮನೇಲಿ ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿಸಿರ್ತಾರೆ. ಮಲಗಿದ್ದಾಗ ತೆಗೆದ ಇಸಿಜಿ, ಎಕೋ ನಾರ್ಮಲ್ ಬಂದ ಮಾತ್ರಕ್ಕೆ ಇದೆಲ್ಲ ಇಲ್ಲ ಅಂತ ಹೇಳಕ್ಕಾಗಲ್ಲ. ಆಮೇಲೆ ಆಪರೇಷನ್ ದಿನ ಮಣಿಕಟ್ಟಿನ ರಕ್ತನಾಳಕ್ಕೆ ಸಣ್ಣ ಸೂಜಿ ಹಾಕಿ ಪ್ರತಿ ಬಡಿತಕ್ಕೂ ಬಿಪಿ ತೋರಿಸೋ ವ್ಯವಸ್ಥೆ, ಔಷಧಿ ನಿಧಾನಕ್ಕೆ ಸ್ವಲ್ಪ ಸ್ವಲ್ಪವೇ ಕೊಡೋದು, ಗ್ಯಾಸ್ ಕಮ್ಮಿ ಒತ್ತಡದಲ್ಲಿ ತುಂಬೋದು, ಮೈ ಬೆಚ್ಚಗಿಡೋದು (ಈ ನರ ಸೋತೋರ ಮೈ ಆಪರೇಷನ್ ರೂಮಲ್ಲಿ ಬೇಗ ತಣ್ಣಗಾಗತ್ತೆ), ಆಮೇಲೆ ಒಂದು ರಾತ್ರಿ ಐಸಿಯುನಲ್ಲಿ ಬೆಡ್ ಇದ್ಯಾ ಅಂತ ಮೊದಲೇ ನೋಡ್ಕೊಳ್ಳೋದು. ಇಷ್ಟೆಲ್ಲ ಯೋಚನೆ ಮಾಡೋಕೆ ಟೈಮ್ ಕೇಳಿದಾರೆ. ಆದ್ರೆ ಮಧ್ಯದಲ್ಲಿ ಜ್ವರ, ಹಳದಿ ಕಣ್ಣು, ಬಿಡದೆ ಹೊಟ್ಟೆನೋವು ಬಂದ್ರೆ ಎರಡು ವಾರ ಕಾಯ್ಬೇಡಿ, ಅವತ್ತೇ ಕರ್ಕೊಂಡು ಹೋಗಿ.

ಇನ್ನೊಂದು, ಮನೇಲೇ ನೋಡಬಹುದು. ನಿಮ್ಮಪ್ಪಂಗೆ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡೋಕೆ ಹೇಳಿ. ಅಂಗೈ, ಬೆರಳು ಪೂರ್ತಿ ಅಂಟ್ಕೊಳ್ದೆ ಮಧ್ಯೆ ಸಂದು ಉಳಿದ್ರೆ ಶುಗರಿಂದ ಕೀಲುಗಳು ಬಿಗಿ ಆಗಿರಬಹುದು. ಕತ್ತು, ದವಡೆ ಕೀಲಿಗೂ ಹಂಗೇ ಆಗಿದ್ರೆ ಗಂಟಲಿಗೆ ಟ್ಯೂಬ್ ಹಾಕೋದು ಕಷ್ಟ ಆಗತ್ತೆ. ನನ್ನ ರೂಮಿಗೆ ಬಂದು ಕೈ ಮುಗಿಯೋ ಎಷ್ಟೋ ಜನಕ್ಕೆ ನಾನು ಮೊದಲು ನೋಡೋದು ಅವರ ಬೆರಳು ಅಂತ ಗೊತ್ತಿರಲ್ಲ.

ಪ್ರಶ್ನೆ: ಮುಳಬಾಗಿಲಿಂದ ಬರೀತಿದೀನಿ. ಅಮ್ಮಂಗೆ ಗರ್ಭಕೋಶದ ಆಪರೇಷನ್ ಇತ್ತು, 20 ವರ್ಷದಿಂದ ಶುಗರ್. ರಾತ್ರಿ ಎಂಟಕ್ಕೆ ಊಟ ಮಾಡಿದ್ದು, ಆಮೇಲೆ ನೀರು ಕೂಡ ಕುಡಿದಿಲ್ಲ, ಬೆಳಿಗ್ಗೆ ಒಂಬತ್ತಕ್ಕೆ ಒಳಗೆ ಕರ್ಕೊಂಡು ಹೋಗೋಕೆ ಮುಂಚೆ ವಾಂತಿ ಆಯ್ತು, ಅದರಲ್ಲಿ ರಾತ್ರಿ ತಿಂದ ಅವರೆಕಾಳು ಹಂಗೇ ಇತ್ತು. ನರ್ಸ್ ಬಂದು ಕದ್ದು ತಿನ್ನಿಸಿದೀರಾ ಅಂತ ಬೈದ್ರು. ದೇವರಾಣೆ ನಾವು ಏನೂ ಕೊಟ್ಟಿಲ್ಲ ಮೇಡಂ.

ಉತ್ತರ: ನಿಮ್ಮ ಮಾತು ನಂಬ್ತೀನಮ್ಮ. ಹದಿಮೂರು ಗಂಟೆ ಆದ್ರೂ ಅವರೆಕಾಳು ಹೊಟ್ಟೇಲೇ ಇತ್ತು ಅಂದ್ರೆ ಅದು ಕದ್ದು ತಿಂದಿದ್ದಲ್ಲ, ಹೊಟ್ಟೆ ಖಾಲಿ ಮಾಡೋ ನರ ಸೋತಿರೋದು. ಬೈದಿದ್ದು ತಪ್ಪು. ಎಲ್ಲರಿಗೂ ಹೇಳೋ ಆರು ಗಂಟೆ ಉಪವಾಸದ ಲೆಕ್ಕ ಇಂಥೋರಿಗೆ ಸಾಲಲ್ಲ. ಅನಸ್ತೇಷಿಯಾ ಕೊಟ್ಟಾಗ ಕೆಮ್ಮೋ ಶಕ್ತಿ ಹೋಗಿರತ್ತೆ, ಹೊಟ್ಟೇಲಿರೋದು ಮೇಲೆ ಬಂದು ಶ್ವಾಸಕೋಶಕ್ಕೆ ಹೋದ್ರೆ ಪ್ರಾಣಕ್ಕೇ ಬರತ್ತೆ. ನಿಮ್ಮಮ್ಮಂಗೆ ಹೊರಗೇ ವಾಂತಿ ಆಗಿದ್ದು ಪುಣ್ಯ ಅಂತೀನಿ ನಾನು.

ಈಗ ನೆನಪು ಮಾಡ್ಕೊಳ್ಳಿ, ಅವರಿಗೆ ಎರಡು ತುತ್ತು ತಿಂದ್ರೆ ಹೊಟ್ಟೆ ತುಂಬ್ತು ಅನ್ನಿಸ್ತಿತ್ತಾ, ಬೆಳಿಗ್ಗೆ ತೇಗಿದ್ರೆ ರಾತ್ರಿ ಸಾರಿನ ವಾಸನೆ ಬರ್ತಿತ್ತಾ, ಶುಗರ್ ಒಂದು ದಿನ ಹಿಂಗೆ ಒಂದು ದಿನ ಹಂಗೆ ಇತ್ತಾ? ಇದ್ದಿದ್ರೆ ಮುಂದಿನ ಡೇಟ್ ತಗೊಳ್ಳುವಾಗ ಇದನ್ನ ಅನಸ್ತೇಷಿಯಾ ಡಾಕ್ಟ್ರಿಗೆ ಹೇಳಿ, ಆ ಅವರೆಕಾಳಿನ ವಿಷಯ ಖಂಡಿತ ಹೇಳಿ. ಹಿಂದಿನ ದಿನವೆಲ್ಲ ಗಂಜಿ, ಮಜ್ಜಿಗೆ ಥರ ತೆಳ್ಳಗಿನದ್ದೇ ಕೊಡಿ ಅಂತ ಅವರು ಹೇಳಬಹುದು. ನಮ್ಮ ಊಟ ದೇಹಕ್ಕೆ ಒಳ್ಳೇದೇ, ಮುದ್ದೆ, ಸೊಪ್ಪು, ಕಾಳು, ಬಸ್ಸಾರು ಯಾವುದಕ್ಕೂ ನಾನು ಬೇಡ ಅನ್ನೋಳಲ್ಲ, ಆದ್ರೆ ನಾರು ಜಾಸ್ತಿ ಇರೋದು ಸೋತ ಹೊಟ್ಟೆಯಿಂದ ಬಹಳ ನಿಧಾನಕ್ಕೆ ಇಳಿಯತ್ತೆ, ಆಪರೇಷನ್ ಹಿಂದಿನ ಒಂದು ದಿನ ಅದನ್ನ ಬಿಡಿಸಿ. ಸ್ಕ್ಯಾನಿಂಗ್ ಮೆಷಿನ್ ಹೊಟ್ಟೆ ಮೇಲಿಟ್ಟು ಖಾಲಿ ಇದ್ಯಾ ಅಂತ ನೋಡೋಕೂ ಆಗತ್ತೆ, ಕೇಳಿ. ತೂಕ ಇಳಿಯೋಕೆ, ಶುಗರಿಗೆ ಅಂತ ಈಗ ಬಂದಿರೋ ಸೆಮಾಗ್ಲುಟೈಡ್ ಇಂಜೆಕ್ಷನ್ನೋ ಮಾತ್ರೆನೋ ತಗೋತಿದ್ರೆ ಅದೂ ಹೊಟ್ಟೆ ನಿಧಾನ ಮಾಡತ್ತೆ, ಅದನ್ನೂ ಮುಚ್ಚಿಡ್ಬೇಡಿ.

ಪ್ರಶ್ನೆ: ಕಾಲಿನ ಆಪರೇಷನ್‌ಗೆ ತಿಂಗಳು ಟೈಮ್ ಇದೆ, ನನ್ನ ಎಚ್‌ಬಿಎ1ಸಿ 11 ಇದೆ. ಊಟ ಪೂರ್ತಿ ಬಿಟ್ಟು ಒಂದೇ ತಿಂಗಳಲ್ಲಿ 7ಕ್ಕೆ ಇಳಿಸ್ತೀನಿ ಅಂತ ಹಟ ಹಿಡಿದಿದೀನಿ, ಸರಿನಾ? – ಬಂಗಾರಪೇಟೆ

ಉತ್ತರ: ನಿಮ್ಮ ಛಲ ಮೆಚ್ಚೋಂಥದ್ದು, ದಾರಿ ಸರಿ ಇಲ್ಲ. ಎಚ್‌ಬಿಎ1ಸಿ ಅನ್ನೋ ರಕ್ತ ಪರೀಕ್ಷೆ ಸುಮಾರು ಮೂರು ತಿಂಗಳ ಶುಗರಿನ ಸರಾಸರಿ ಲೆಕ್ಕ ತೋರ್ಸೋದು, ಒಂದು ತಿಂಗಳಲ್ಲಿ ಪೂರ್ತಿ ಬದಲಾಗೋದೂ ಇಲ್ಲ. ಅದಕ್ಕಿಂತ ಮುಖ್ಯ, ತುಂಬಾ ದಿನ ಮೇಲಿದ್ದ ಶುಗರನ್ನ ಒಂದೇ ಸಲ ಕೆಳಗೆಳೆದ್ರೆ ಕೆಲವರಿಗೆ ನರಕ್ಕೇ ಹೊಸ ಏಟು ಬೀಳತ್ತೆ, ಕಾಲು ಉರಿ ಶುರು ಆಗತ್ತೆ, ನಿಂತ್ರೆ ಬಿಪಿ ಬೀಳೋದೂ ಅದರ ಜೊತೆ ಬರಬಹುದು. ಮೂರು ತಿಂಗಳಲ್ಲಿ ಎರಡು ಪಾಯಿಂಟ್‌ಗಿಂತ ಜಾಸ್ತಿ ಇಳಿಸಿದೋರಲ್ಲಿ ಇದನ್ನ ಕಂಡಿದಾರೆ. ಮುಂದಕ್ಕೆ ಹಾಕಬಹುದಾದ ಆಪರೇಷನ್‌ಗೆ ಎಚ್‌ಬಿಎ1ಸಿ 8ಕ್ಕಿಂತ ಕಮ್ಮಿ ಇರಲಿ ಅಂತಾರೆ, ಆಪರೇಷನ್ ಸುತ್ತಮುತ್ತಿನ ಹೊತ್ತಲ್ಲಿ ಶುಗರ್ 100ರಿಂದ 180ರ ಒಳಗಿದ್ರೆ ನಮಗೆ ಸಾಕು. ನಿಮ್ಮ ಕಾಲಿನದ್ದು ಗಾಯ, ಸೋಂಕು ಆಗಿದ್ರೆ ಶುಗರ್ ಇಳೀಲಿ ಅಂತ ಕಾಯೋ ಹಂಗೇ ಇಲ್ಲ, ಅಡ್ಮಿಟ್ ಮಾಡ್ಕೊಂಡು ಇನ್ಸುಲಿನ್ ಕೊಟ್ಟು ಮಾಡ್ತಾರೆ.

ಮಾತ್ರೆ ಚೀಟಿ ಕಳಿಸಿದೀರಿ, ಅದರಲ್ಲಿ ಡಾಪಾಗ್ಲಿಫ್ಲೊಜಿನ್ ಅನ್ನೋ ಶುಗರ್ ಮಾತ್ರೆ ಇದೆ. ಅದನ್ನೂ, ಅದೇ ಥರದ ಎಂಪಾಗ್ಲಿಫ್ಲೊಜಿನ್ ಅನ್ನೂ ಆಪರೇಷನ್‌ಗೆ ಮೂರು ದಿನ ಮುಂಚೆ ನಿಲ್ಲಿಸ್ಬೇಕು, ನಿಲ್ಲಿಸ್ದೆ ಉಪವಾಸ ಇದ್ರೆ ರಕ್ತದಲ್ಲಿ ಆಮ್ಲ ತುಂಬ್ಕೊಳ್ಳತ್ತೆ, ಮೋಸ ಏನಂದ್ರೆ ಆಗ ಶುಗರ್ ನೋಡಿದ್ರೆ ಹೆಚ್ಚೇನೂ ಇರಲ್ಲ. ಬದಲಿಗೆ ಏನು ತಗೋಬೇಕು ಅಂತ ನಿಮ್ಮ ಡಾಕ್ಟ್ರನ್ನೇ ಕೇಳಿ. ಉಪವಾಸದ ದಿನ ಶುಗರ್ ಕಮ್ಮಿ ಆದ್ರೆ ನಡುಕ, ಬೆವರು ಬರತ್ತೆ ಗೊತ್ತಾಗತ್ತೆ ಅಂತ ಬರ್ದಿದೀರಿ, ಅದನ್ನ ನಂಬ್ಕೊಂಡು ಕೂರ್ಬೇಡಿ, ಆ ಬೆವರು ನಡುಕ ತರಿಸೋದೂ ಇದೇ ನರಗಳು. ಮೆಷಿನ್‌ನಲ್ಲಿ ಚುಚ್ಚಿ ನೋಡಿ.

ಪ್ರಶ್ನೆ: ಸೊಂಟಕ್ಕೆ ಸೂಜಿ ಹಾಕಿ ಕೆಳಗೆ ಮಾತ್ರ ಮರಗಟ್ಟಿಸಿದ್ರೆ ಈ ತೊಂದ್ರೆ ಇಲ್ವಂತೆ ಹೌದಾ? – ಮಾಲೂರು

ಉತ್ತರ: ಅರ್ಧ ಹೌದು. ಎಚ್ಚರ ಇರ್ತಾರೆ, ಉಸಿರು ತಾವೇ ಆಡ್ತಾರೆ, ಶುಗರ್ ಇಳಿದ್ರೆ ಮಂಕಾಗೋದು ಕಣ್ಣಿಗೆ ಕಾಣತ್ತೆ. ಆದ್ರೆ ಸ್ಪೈನಲ್ ಕೊಟ್ರೂ ಕಾಲಿನ ರಕ್ತನಾಳ ಸಡಿಲ ಆಗಿ ಬಿಪಿ ಬೀಳತ್ತೆ, ನರ ಸೋತೋರಿಗೆ ಇನ್ನೂ ಜೋರಾಗೇ ಬೀಳತ್ತೆ. ಪಾದದ ಆಪರೇಷನ್ ಆದ್ರೆ ಆ ಕಾಲಿನ ನರಕ್ಕೆ ಮಾತ್ರ ಇಂಜೆಕ್ಷನ್ ಕೊಟ್ಟು ಮಾಡೋಕಾಗತ್ತೆ, ಇಂಥೋರಿಗೆ ನನಗೆ ಅದೇ ಇಷ್ಟ.

ಪ್ರಶ್ನೆ: ನರ ದೌರ್ಬಲ್ಯಕ್ಕೆ ಅಂತ ಮೆಡಿಕಲ್ ಸ್ಟೋರಲ್ಲಿ ಬಿ12 ಇಂಜೆಕ್ಷನ್ ಕೊಡ್ತಾರೆ, ಹತ್ತು ತಗೊಂಡ್ರೆ ಈ ನರ ಸರಿ ಹೋಗತ್ತಾ? – ಚಿಂತಾಮಣಿ

ಉತ್ತರ: ಮೆಟ್‌ಫಾರ್ಮಿನ್ ಬಹಳ ವರ್ಷ ತಗೊಂಡೋರಿಗೆ ಬಿ12 ಕಮ್ಮಿ ಆಗೋದು ನಿಜ, ಟೆಸ್ಟ್ ಮಾಡ್ಸಿ, ಕಮ್ಮಿ ಇದ್ರೆ ತಗೊಳ್ಳಿ, ಉಪಯೋಗ ಇದೆ. ಶುಗರಿಂದ ಸತ್ತ ನರವನ್ನ ಅದು ಎಬ್ಬಿಸಲ್ಲ. ಆದ್ರೆ ಶುಗರ್, ಬಿಪಿ ಎಲ್ಲ ಹತೋಟೀಲಿಟ್ರೆ ನರ ಇನ್ನೂ ಹಾಳಾಗೋದನ್ನ ಬಹಳಮಟ್ಟಿಗೆ ತಡೆಯೋಕಾಗತ್ತೆ. ಡೆನ್ಮಾರ್ಕಿನ ಸ್ಟೆನೊ ಸೆಂಟರ್‌ನಲ್ಲಿ ಟೈಪ್ 2 ಶುಗರ್ ಇದ್ದ 160 ಜನರನ್ನ ಸುಮಾರು ಎಂಟು ವರ್ಷ ನೋಡಿದ್ರು, ಶುಗರ್, ಬಿಪಿ, ಕೊಲೆಸ್ಟ್ರಾಲ್, ಊಟ, ನಡಿಗೆ, ಸಿಗರೇಟು ಎಲ್ಲವನ್ನೂ ಒಟ್ಟಿಗೆ ಹತೋಟಿಗೆ ತಂದ ಗುಂಪಲ್ಲಿ ಈ ಅಟಾನಮಿಕ್ ನರದ ತೊಂದರೆ ಇನ್ನೊಂದು ಗುಂಪಿನ ಅರ್ಧಕ್ಕಿಂತ ಕಮ್ಮಿ ಆಯ್ತು, 2003ರಲ್ಲಿ ಅದು ಪ್ರಕಟ ಆಗಿದೆ. ಟೈಪ್ 2 ಇರೋರಿಗೆ ಶುಗರ್ ಪತ್ತೆ ಆದ ವರ್ಷದಿಂದ್ಲೇ ಈ ನರ ನೋಡ್ಬೇಕು, ಯಾಕಂದ್ರೆ ನಮಗೆ ಗೊತ್ತಾಗೋ ಹೊತ್ತಿಗೆ ಎಷ್ಟೋ ಜನಕ್ಕೆ ಶುಗರ್ ಮೈಯಲ್ಲಿ ಬಂದು ವರ್ಷಗಳಾಗಿರತ್ತೆ.

ಪ್ರಶ್ನೆ: ನಮ್ಮ ಮಾವನಿಗೆ ಆಪರೇಷನ್ ಚೆನ್ನಾಗಾಯ್ತು, ಆದ್ರೆ ಪೈಪ್ ತೆಗೆದ ಮೇಲೆ ಮೂತ್ರ ಬರ್ತಿಲ್ಲ, ಎರಡು ಸಲ ಮತ್ತೆ ಹಾಕಿದ್ರು. ನಾಳೆ ಡಿಸ್ಚಾರ್ಜ್ ಅಂತಾರೆ, ಕರ್ಕೊಂಡು ಹೋಗೋಕೆ ಭಯ. – ಕೋಲಾರ

ಉತ್ತರ: ಮೂತ್ರಚೀಲದ ನರವೂ ಇದೇ ಗುಂಪಿನದ್ದು. ಚೀಲ ತುಂಬಿದ್ದೇ ಅವರಿಗೆ ಗೊತ್ತಾಗ್ತಿರಲ್ಲ, ಮುಂಚೆಯಿಂದಲೂ ಹೊತ್ತಿಗೊಂದ್ಸಲ ಸ್ವಲ್ಪ ಸ್ವಲ್ಪ ಹೋಗ್ತಿದ್ರಾ ಅಂತ ಅತ್ತೆಯವರನ್ನ ಕೇಳಿ, ಅವರಿಗೆ ಗೊತ್ತಿರತ್ತೆ. ಪೈಪ್ ಹಾಕ್ಕೊಂಡೇ ಮನೆಗೆ ಹೋಗಿ ವಾರ ಬಿಟ್ಟು ತೆಗೆಸೋದ್ರಲ್ಲಿ ತಪ್ಪೇನಿಲ್ಲ, ಯೂರಾಲಜಿ ಡಾಕ್ಟ್ರಿಗೆ ಒಂದ್ಸಲ ತೋರ್ಸಿ. ಜ್ವರ ಚಳಿ ಬಂದ್ರೆ ಕಾಯ್ಬೇಡಿ.

ನೋವಿಗೆ ಕೊಟ್ಟಿರೋ ಮಾತ್ರೇಲಿ ಟ್ರಮಡಾಲ್ ಥರದ್ದು ಇದ್ರೆ ಬರೆದಷ್ಟೇ ಕೊಡಿ, ನೋವು ಜಾಸ್ತಿ ಅಂತ ಇನ್ನೊಂದು ಕೊಡ್ಬೇಡಿ, ಇಂಥೋರಿಗೆ ಉಸಿರು ಕಮ್ಮಿ ಆದ್ರೆ ಮೈ ಎಚ್ಚರಿಸೋದು ತಡ ಆಗತ್ತೆ. ಮೊದಲ ಒಂದು ವಾರ ರಾತ್ರಿ ಅವರ ಪಕ್ಕ ಯಾರಾದ್ರೂ ಮಲಗಿ. ಎದ್ದೇಳುವಾಗ ಮೊದಲು ಮಂಚದ ಮೇಲೇ ಕೂತು ಕಾಲು ಇಳಿಬಿಟ್ಟು ಎರಡು ನಿಮಿಷ ಇರ್ಲಿ, ಪಾದ ಮೇಲೆ ಕೆಳಗೆ ಆಡಿಸ್ಲಿ, ಆಮೇಲೆ ನಿಂತ್ಕೊಳ್ಳಲಿ, ನೀವು ಕೈ ಹಿಡ್ಕೊಂಡಿರಿ. ಬಚ್ಚಲಲ್ಲಿ ಲೈಟ್ ಹಾಕಿಟ್ಟಿರಿ, ಒಳಗಿನ ಚಿಲಕ ಹಾಕ್ಕೊಳ್ಳೋಕೆ ಬಿಡ್ಬೇಡಿ.